ಎಲ್ಲ ಕ್ಲಾಸ್ ನೋಡಿದ್ದಾನೆ, ಓದ್ಲಿಕ್ಕೆ ಬರುವುದಿಲ್ಲ

2021ರ ಅಕ್ಟೋಬರ್ 25ರಂದು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿವರೆಗಿನ ಶಾಲೆಗಳು ಮತ್ತೆ ತೆರೆದವು. ಅದೇ ದಿನಗಳಲ್ಲಿ ನಾವು ಪಾಠ ಮಾಡುವ ಮದ್ರಸಕ್ಕೂ ಸಣ್ಣ ಮಕ್ಕಳು ಚೀಲ ಹಾಕಿಕೊಂಡು ಬರಲು ಶುರು ಮಾಡಿದರು. ಒಂದು ಬೆಳಗ್ಗೆ ಒಬ್ಬ ಉಮ್ಮ ಮಗನ ಕೈ ಹಿಡಿದುಕೊಂಡು ಬಂದು ಬಾಗಿಲ ಹತ್ತಿರ ನಿಂತು ಕೇಳಿದರು: "ಉಸ್ತಾದರೇ, ಇವ ಮೊಬೈಲಲ್ಲಿ ಎಲ್ಲ ಕ್ಲಾಸ್ ನೋಡಿದ್ದಾನೆ. ಒಂದು ಕೂಡ ಬಿಟ್ಟಿಲ್ಲ. ಆದ್ರೆ ಕಿತಾಬ್ ಕೈಗೆ ಕೊಟ್ರೆ ಓದ್ಲಿಕ್ಕೆ ಬರುವುದಿಲ್ಲ. ಯಾಕೆ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಹಾಜರಿ ಪುಸ್ತಕ ತೆಗೆದು ನೋಡಿದೆವು. ಆ ಹುಡುಗನ ಹೆಸರಿನ ಮುಂದೆ ಒಂದು ಚೌಕವೂ ಖಾಲಿ ಇರಲಿಲ್ಲ. ಆ ಗುರುತು ಹಾಕಿದವರು ನಾವೇ. ಬೆಳಗ್ಗೆ ವಾಟ್ಸ್‌ಆ್ಯಪ್ ಗುಂಪಿಗೆ ಪಾಠದ ವೀಡಿಯೊ ಕಳುಹಿಸುವುದು, ಸಂಜೆ ಯಾರು ಯಾರು ನೋಡಿದ್ದಾರೆಂದು ಪರೀಕ್ಷಿಸುವುದು, ನೀಲಿ ಟಿಕ್ ಬಂದಿದ್ದರೆ 'ಹಾಜರ್' ಎಂದು ಬರೆಯುವುದು. 2020ರ ಮಾರ್ಚಿನಲ್ಲಿ ಬಾಗಿಲು ಹಾಕುವಾಗ ಆ ಹುಡುಗ ಒಂದನೇ ತರಗತಿಯಲ್ಲಿದ್ದ. ಬಾಗಿಲು ತೆರೆಯುವಾಗ ಮೂರನೇ ತರಗತಿ. ನಡುವಿನ ಒಂದೂವರೆ ವರ್ಷದಲ್ಲಿ ಅವನು ಬಾಯಿ ತೆರೆದು ಒಂದು ಸಾಲು ಓದಿದ್ದನ್ನು ನಾವು ಒಂದೇ ಒಂದು ದಿನ ಕೇಳಿರಲಿಲ್ಲ.

ಆ ಉಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದದ್ದೇ ಈ ಬರಹ. ಮೊಬೈಲು, ವೀಡಿಯೊ, ಪ್ರೊಜೆಕ್ಟರ್ ಎಂದು ಈಗ ಎಲ್ಲ ಕಡೆ ಮಾತು ನಡೆಯುತ್ತಿದೆ. ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್ ಬಂದಿದೆ, ಮದ್ರಸದಲ್ಲಿಯೂ ಬರಲಿ ಎಂದು ಕೇಳುವವರಿದ್ದಾರೆ. ಬೇಡವೇ ಬೇಡ ಎನ್ನುವವರೂ ಇದ್ದಾರೆ. ಸಣ್ಣ ತರಗತಿಯ ಮಕ್ಕಳ ವಿಷಯದಲ್ಲಿ ನಾವು ಸೋತು, ತಪ್ಪು ಮಾಡಿ, ಸ್ವಲ್ಪ ಕಲಿತದ್ದನ್ನು ಮನೆಯವರ ಮುಂದೆ ಇಡುತ್ತಿದ್ದೇವೆ.

ಆರು ವರ್ಷದ ಮಗು, ನಾಲ್ಕು ಲಿಪಿ

ಮೊದಲು ನಮ್ಮ ಮಕ್ಕಳ ಹೊರೆಯನ್ನು ನೋಡಬೇಕು. ಮನೆಯಲ್ಲಿ ಆಡುವ ಮಾತು ಬ್ಯಾರಿ. ಹೊರಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ ತುಳು ಕಿವಿಗೆ ಬೀಳುತ್ತದೆ. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಅಕ್ಷರ. ಮದ್ರಸದಲ್ಲಿ ಅರಬಿ ಅಕ್ಷರ. ನಮ್ಮ ಕಡೆಯ ಅನೇಕ ಮದ್ರಸಗಳಲ್ಲಿ ಪಠ್ಯಪುಸ್ತಕ ಇರುವುದು ಅರಬಿ ಮಲಯಾಳಂ ಲಿಪಿಯಲ್ಲಿ. ಆರು ವರ್ಷದ ಮಗು ಒಂದೇ ದಿನದಲ್ಲಿ ನಾಲ್ಕು ಬಗೆಯ ಬರಹ ನೋಡುತ್ತದೆ. ಎರಡನ್ನು ಎಡದಿಂದ ಬಲಕ್ಕೆ ಓದಬೇಕು, ಇನ್ನೆರಡನ್ನು ಬಲದಿಂದ ಎಡಕ್ಕೆ. ಅದು ಮನೆಯಲ್ಲಿ ಉಮ್ಮನ ಹತ್ತಿರ ಮಾತಾಡುವ ಭಾಷೆ ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಲ್ಲಿ ಆಯಿತು, 2020ರಲ್ಲಿ ಬ್ಯಾರಿಗೆ ಸ್ವಂತ ಲಿಪಿಯೂ ಬಂತು. ಆದರೆ ಒಂದನೇ ತರಗತಿಯ ಮಗುವಿನ ಚೀಲಕ್ಕೆ ಅದು ಇನ್ನೂ ತಲುಪಿಲ್ಲ.

ಲಾಕ್‌ಡೌನಿನಲ್ಲಿ ಬಂದ ಮದ್ರಸ ವೀಡಿಯೊಗಳು ಹೆಚ್ಚಿನವು ಕೇರಳದವು. ಒಳ್ಳೆಯ ಉಸ್ತಾದರು, ಸ್ಪಷ್ಟ ಸ್ವರ, ಚಂದದ ಚಿತ್ರಗಳು. ಆದರೆ ಮಾತು ಮಲಯಾಳಂ. ದೊಡ್ಡವರಿಗೆ ಬ್ಯಾರಿಗೂ ಮಲಯಾಳಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಎಂದು ಕಾಣುತ್ತದೆ. ಆರು ವರ್ಷದವನಿಗೆ ಹಾಗಲ್ಲ. ಮಲಯಾಳದ 'ವ' ನಮ್ಮ ಬಾಯಲ್ಲಿ ಎಷ್ಟೋ ಕಡೆ 'ಬ' ಆಗುತ್ತದೆ, 'ಳ' ಮತ್ತು 'ಣ' ಹೋಗಿ 'ಲ' ಮತ್ತು 'ನ' ಆಗುತ್ತದೆ. ವೀಡಿಯೊದಲ್ಲಿ ಉಸ್ತಾದರು ವೇಗವಾಗಿ ಹೇಳಿಕೊಂಡು ಹೋಗುವಾಗ ಮಗು ಅರ್ಧ ಹಿಡಿಯುತ್ತದೆ, ಅರ್ಧ ಬಿಡುತ್ತದೆ. "ಉಸ್ತಾದ್, ಎಂತ ಹೇಳಿದ್ದು?" ಎಂದು ಕೇಳಿದರೆ ಸ್ಕ್ರೀನು ಉತ್ತರ ಕೊಡುವುದಿಲ್ಲ. ಮೂರು ಸಲ ಕೇಳಿ ಉತ್ತರ ಬಾರದಿದ್ದರೆ ನಾಲ್ಕನೇ ಸಲ ಮಗು ಕೇಳುವುದಿಲ್ಲ. ಸುಮ್ಮನೆ ನೋಡುತ್ತದೆ. ನಾವು ಅದನ್ನು 'ಗಮನವಿಟ್ಟು ನೋಡುತ್ತಿದೆ' ಎಂದು ತಿಳಿದುಕೊಂಡೆವು.

ಬೆಕ್ಕಿನ ಬಾಲ ನೆನಪಿತ್ತು

ತರಗತಿ ಮತ್ತೆ ಶುರುವಾದ ಮೇಲೂ ನಾವು ಅದೇ ತಪ್ಪನ್ನು ಇನ್ನೊಂದು ರೀತಿಯಲ್ಲಿ ಮಾಡಿದೆವು. ಮಕ್ಕಳ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ಮೊಬೈಲಿಗೆ ಹೊಂದಿಕೊಂಡಿದ್ದ ಕಣ್ಣು ಕಪ್ಪು ಹಲಗೆಯಲ್ಲಿ ಎರಡು ನಿಮಿಷ ನಿಲ್ಲದು. ಹಾಗಾಗಿ ಒಬ್ಬರ ಹತ್ತಿರ ಪ್ರೊಜೆಕ್ಟರ್ ಕೇಳಿ ತಂದೆವು. ಕಿಟಕಿಗೆ ಚಾಪೆ ಕಟ್ಟಿ ಕತ್ತಲೆ ಮಾಡಿ ಅಕ್ಷರ ಕಲಿಸುವ ಕಾರ್ಟೂನ್ ಹಾಕಿದೆವು. ಒಂದು ಬೆಕ್ಕು ಹಾರಿ ಬಂದು ಅಕ್ಷರದ ಮೇಲೆ ಕೂತುಕೊಳ್ಳುತ್ತದೆ, ಹಾಡುತ್ತದೆ. ಇಪ್ಪತ್ತು ನಿಮಿಷ ತರಗತಿಯಲ್ಲಿ ಒಂದು ಸೊಲ್ಲಿಲ್ಲ. ನಮಗೆ ಬಹಳ ಖುಷಿಯಾಯಿತು.

ಮರುದಿನ ಕೇಳಿದೆವು, "ನಿನ್ನೆ ಯಾವ ಅಕ್ಷರ ಕಲಿತದ್ದು?" ಒಬ್ಬ ಹೇಳಿದ, "ಬೆಕ್ಕಿನ ಬಾಲ ಕೇಸರಿ ಬಣ್ಣ ಉಸ್ತಾದ್." ಇನ್ನೊಬ್ಬಳು ಬೆಕ್ಕಿನ ಹಾಗೆ ಕೂಗಿಯೇ ತೋರಿಸಿದಳು. ಅಕ್ಷರ ಹೇಳಿದವರು ಇಬ್ಬರೋ ಮೂವರೋ. ಅವರಿಗೆ ಅದು ಮೊದಲೇ ಗೊತ್ತಿತ್ತು.

ಮಕ್ಕಳದ್ದು ತಪ್ಪಲ್ಲ. ನಾವು ಬೆಕ್ಕನ್ನು ತೋರಿಸಿದೆವು, ಅವರು ಬೆಕ್ಕನ್ನು ನೋಡಿದರು. ಪಾಠಕ್ಕೆ ಸಂಬಂಧವಿಲ್ಲದ ಚಿತ್ರ, ಸಂಗೀತ, ಓಡಾಟ ಹೆಚ್ಚಾದಷ್ಟು ಕಲಿಕೆ ಕಡಿಮೆಯಾಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ತುಂಬಾ ವರ್ಷಗಳಿಂದ ಪ್ರಯೋಗ ಮಾಡಿ ಹೇಳುತ್ತಾ ಬಂದಿದ್ದಾರೆ. ನಮಗೆ ಅದನ್ನು ಆ ಬೆಕ್ಕು ಕಲಿಸಿತು. ತರಗತಿ ಸದ್ದಿಲ್ಲದೆ ಕೂತಿದೆ ಎಂದರೆ ಪಾಠದಲ್ಲಿ ಮುಳುಗಿದೆ ಎಂದು ಅರ್ಥವಲ್ಲ. ಸಣ್ಣ ಮಕ್ಕಳು ನಿಜವಾಗಿ ಪಾಠದಲ್ಲಿ ಇದ್ದರೆ ಸದ್ದು ಇರುತ್ತದೆ.

ತೊಂಬತ್ತು ನಿಮಿಷ, ಮೂವತ್ತು ಮಕ್ಕಳು

ನಮ್ಮ ಮದ್ರಸ ಬೆಳಗ್ಗೆ ಏಳಕ್ಕೆ ಶುರು, ಎಂಟೂವರೆಗೆ ಮುಗಿಯಬೇಕು. ಮತ್ತೆ ಮಕ್ಕಳಿಗೆ ಶಾಲೆಯ ಬಸ್ ಹಿಡಿಯಲಿಕ್ಕಿದೆ. ತೊಂಬತ್ತು ನಿಮಿಷ, ತರಗತಿಯಲ್ಲಿ ಮೂವತ್ತು ಮಕ್ಕಳು. ಬೇರೇನೂ ಮಾಡದೆ ಒಬ್ಬೊಬ್ಬರಿಂದ ಓದಿಸಿದರೂ ಒಬ್ಬರಿಗೆ ಮೂರು ನಿಮಿಷ. ಹಾಜರಿ, ಹೊಸ ಪಾಠ, ಬರೆಯುವುದು, ಜಗಳ ಬಿಡಿಸುವುದು ಎಲ್ಲ ಸೇರಿದರೆ ಒಂದು ನಿಮಿಷವೂ ಉಳಿಯುವುದಿಲ್ಲ. ಆದ್ದರಿಂದ ಎಲ್ಲರೂ ಒಟ್ಟಿಗೆ ಹೇಳುವುದು. ಮೂವತ್ತು ಸ್ವರದ ನಡುವೆ ಐದು ಮಕ್ಕಳು ಬರೀ ತುಟಿ ಆಡಿಸುತ್ತಾರೆ. ನಮಗೆ ಗೊತ್ತಾಗುವುದಿಲ್ಲ. ಶಾಲೆಯ ಟೀಚರುಗಳಿಗೂ ಇದೇ ಕಷ್ಟ.

ಮಕ್ಕಳಿಗೆ ತೋರಿಸಲು ಮೊಬೈಲು ಬಳಸುವುದರ ಬದಲು ಮಕ್ಕಳ ಸ್ವರ ಕೇಳಲು ಬಳಸಿದರೆ ಹೇಗೆ ಎಂದು ಯೋಚನೆ ಬಂದದ್ದು ಇಲ್ಲಿಂದ. ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಎರಡು ಹಳೆಯ ಮೊಬೈಲು ತಂದೆವು. ಸಿಮ್ ಇಲ್ಲ, ಇಂಟರ್ನೆಟ್ ಇಲ್ಲ. ಅದರಲ್ಲಿ ಧ್ವನಿ ರೆಕಾರ್ಡ್ ಮಾಡುವ ಆ್ಯಪ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದೆವು. ವರಾಂಡದ ಎರಡು ಮೂಲೆಯಲ್ಲಿ ಒಂದೊಂದು ಸ್ಟೂಲು ಇಟ್ಟೆವು. ತರಗತಿಯ ಒಳಗೆ ಉಳಿದವರು ಬರೆಯುತ್ತಿರುವಾಗ ಇಬ್ಬಿಬ್ಬರು ಹೊರಗೆ ಹೋಗಿ, ತಮ್ಮ ಹೆಸರು ಹೇಳಿ, ಎರಡು ಸಾಲು ಓದಿ, ತಾವೇ ಒಮ್ಮೆ ಕೇಳಿ, ಒಳಗೆ ಬರಬೇಕು. ಅಷ್ಟೆ. ಸಂಜೆ ನಾವು ಮನೆಯಲ್ಲಿ ಕೂತು ಕೇಳುತ್ತೇವೆ. ಒಬ್ಬರದ್ದು ಅರ್ಧ ನಿಮಿಷ, ಮೂವತ್ತು ಮಕ್ಕಳದ್ದು ಹದಿನೈದು ನಿಮಿಷ. ಯಾರಿಗೆ ಯಾವ ಅಕ್ಷರ ತೊಡಕು ಎಂದು ಪುಸ್ತಕದಲ್ಲಿ ಗುರುತು ಮಾಡುತ್ತೇವೆ. ಮರುದಿನದ ಪಾಠ ಆ ಗುರುತಿನಿಂದ ಶುರು.

ಮೊದಲ ವಾರದಲ್ಲಿಯೇ ಎರಡು ವಿಷಯ ಕಂಡಿತು. ಒಂದು, ಮಕ್ಕಳು ತಮ್ಮ ಸ್ವರ ಕೇಳಿ ತಾವೇ ತಪ್ಪು ಹಿಡಿಯುತ್ತಾರೆ. "ಉಸ್ತಾದ್, ಸರಿ ಆಗ್ಲಿಲ್ಲ, ಇನ್ನೊಮ್ಮೆ ಮಾಡ್ತೇನೆ" ಎಂದು ಓಡುತ್ತಾರೆ. ನಾವು ತಿದ್ದಿದರೆ ಮುಖ ಸಣ್ಣದು ಮಾಡುವ ಮಗು ತಾನೇ ತಿದ್ದಿಕೊಳ್ಳುವಾಗ ನಗುತ್ತದೆ. ಇಡೀ ಪುಸ್ತಕದಲ್ಲಿ ಒಂದೇ ಸಾಲನ್ನು ಐದು ಸಲ ಓದು ಎಂದರೆ ಓದದವರು ಇಲ್ಲಿ ಯಾರೂ ಹೇಳದೆ ಐದು ಸಲ ಓದುತ್ತಾರೆ.

ಇನ್ನೊಂದು, ಒಬ್ಬಳು ಹುಡುಗಿಯ ವಿಷಯ. ಜೂನ್‌ನಿಂದ ತರಗತಿಯಲ್ಲಿದ್ದಳು. ಕೇಳಿದರೆ ತಲೆ ತಗ್ಗಿಸುವುದು ಬಿಟ್ಟು ಬೇರೆ ಉತ್ತರ ಇಲ್ಲ. ಇವಳಿಗೆ ಏನೂ ಬರುವುದಿಲ್ಲ ಎಂದು ನಾವು ಬರೆದಿಟ್ಟಿದ್ದೆವು. ಒಂದು ಸಂಜೆ ಕೇಳುತ್ತಾ ಇರುವಾಗ ಗುರುತಿಲ್ಲದ ಒಂದು ಸ್ವರ ಬಂತು. ಸಣ್ಣ ಸ್ವರ, ಆದರೆ ತಡೆ ಇಲ್ಲ, ನೀಳ ಸ್ವರ ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದಿದ್ದಾಳೆ. ಹೆಸರು ಕೇಳಲು ಹಿಂದಕ್ಕೆ ಹೋಗಬೇಕಾಯಿತು. ಅವಳೇ. ಅವಳಿಗೆ ಪಾಠ ಪೂರ್ತಿ ಬರುತ್ತಿತ್ತು. ಮೂವತ್ತು ಮಂದಿಯ ಮುಂದೆ ಬಾಯಿ ತೆರೆಯಲು ಮಾತ್ರ ಆಗುತ್ತಿರಲಿಲ್ಲ. ಐದು ತಿಂಗಳು ಆ ಮಗುವನ್ನು ನಾವು ತಪ್ಪು ಓದಿದ್ದೆವು.

ಹಳ್ಳಿಯೋ, ಹಲ್ಲಿಯೋ?

ಇದು ಮದ್ರಸದ ಒಳಗೆ ಮಾತ್ರ ಉಪಯೋಗಕ್ಕೆ ಬಂದದ್ದಲ್ಲ. ಬ್ಯಾರಿ ಮನೆಯ ಮಕ್ಕಳು ಕನ್ನಡ ಡಿಕ್ಟೇಶನಿನಲ್ಲಿ ಎಲ್ಲಿ ಅಂಕ ಕಳೆದುಕೊಳ್ಳುತ್ತಾರೆ ಎಂದು ಶಾಲೆಯ ಟೀಚರುಗಳನ್ನು ಕೇಳಿ ನೋಡಿ. 'ಲ' ಮತ್ತು 'ಳ', 'ನ' ಮತ್ತು 'ಣ'. "ನಮ್ಮದು ಚಂದದ ಹಲ್ಲಿ" ಎಂದು ಬರೆದುಕೊಂಡು ಬರುತ್ತಾರೆ. ಹಳ್ಳಿ ಹೋಗಿ ಗೋಡೆಯ ಮೇಲಿನ ಹಲ್ಲಿಯಾಯಿತು. "ಕೈಯ ಕೊಲೆ ತೊಳೆಯಬೇಕು" ಎಂದು ಬರೆದರೆ ಟೀಚರ್ ನಗದೆ ಇರುವುದು ಹೇಗೆ? ಮಗುವಿಗೆ ಮಾತ್ರ ಯಾಕೆ ನಗುವುದು ಎಂದು ಗೊತ್ತಾಗುವುದಿಲ್ಲ. ಅದರ ಕಿವಿಗೆ ಎರಡೂ ಒಂದೇ. ಮನೆಮಾತಿನಲ್ಲಿ ಆ ವ್ಯತ್ಯಾಸ ಇಲ್ಲದಿದ್ದರೆ ಕಿವಿ ಅದನ್ನು ಹೇಗೆ ಹಿಡಿಯಬೇಕು?

ಕೆಂಪು ಶಾಯಿಯಲ್ಲಿ ಗೆರೆ ಎಳೆದರೆ ಇದು ಸರಿಯಾಗುವುದಿಲ್ಲ. ಕೇಳಿಸಬೇಕು. ಸರಿಯಾದ ಉಚ್ಚಾರಣೆ ಒಂದು, ಮಗುವಿನ ಉಚ್ಚಾರಣೆ ಒಂದು, ಪಕ್ಕ ಪಕ್ಕದಲ್ಲಿ. ಬೆಲೆ, ಬೆಳೆ. ಹಲ್ಲಿ, ಹಳ್ಳಿ. ಕೊಲೆ, ಕೊಳೆ. ಹತ್ತು ಜೋಡಿ ಪದವನ್ನು ಕನ್ನಡ ಟೀಚರಿಂದ ರೆಕಾರ್ಡ್ ಮಾಡಿಸಿ ತಂದೆವು. ಮಗು ಕೇಳಿ, ತಾನು ಹೇಳಿ, ಎರಡನ್ನೂ ಕೇಳುತ್ತದೆ. ನಾಲಗೆಯ ತುದಿ ಮೇಲಕ್ಕೆ ಮಡಚಬೇಕು ಎಂದು ಕಂಡುಹಿಡಿಯುತ್ತದೆ.

ಅರಬಿಯಲ್ಲಿಯೂ ಇದೇ ಕೆಲಸ. ಖಲ್ಬ್ ಎಂದರೆ ಹೃದಯ, ಕಲ್ಬ್ ಎಂದರೆ ನಾಯಿ. ಖಾಫ್ ನಾಲಗೆಯ ತೀರಾ ಬುಡದಿಂದ ಬರಬೇಕು, ಕಾಫ್ ಅದಕ್ಕಿಂತ ಸ್ವಲ್ಪ ಮುಂದಿನಿಂದ. ಅರಬಿಯಲ್ಲಿ ಎರಡು 'ಹಾ' ಇದೆ, ಒಂದು ಗಂಟಲಿನ ಬುಡದ್ದು, ಒಂದು ಗಂಟಲಿನ ನಡುವಿನದ್ದು. ಇದನ್ನು ಹಲಗೆಯಲ್ಲಿ ಬರೆದು ತೋರಿಸಲು ಬರುವುದಿಲ್ಲ. ಇಲ್ಲಿ ಮಾತ್ರ ಒಂದು ಸಣ್ಣ ವೀಡಿಯೊ ನಿಜವಾಗಿ ಉಪಕಾರ ಮಾಡುತ್ತದೆ. ಬಾಯಿಯ ಒಳಗಿನ ಚಿತ್ರ, ನಾಲಗೆ ಎಲ್ಲಿ ತಾಗುತ್ತದೆ ಎಂದು ಬಾಣದ ಗುರುತು. ಒಂದು ನಿಮಿಷ ಸಾಕು. ಬೆಕ್ಕು ಬೇಡ, ಹಾಡು ಬೇಡ. ನೋಡಿದ ಕೂಡಲೇ ನಿಲ್ಲಿಸಿ ಮಕ್ಕಳ ಕೈಗೆ ಸಣ್ಣ ಕನ್ನಡಿ ಕೊಟ್ಟು ಅವರವರ ಬಾಯಿ ನೋಡಿಸುತ್ತೇವೆ.

ಹಳೆಯವರಿಗೆ ಇದು ಹೊಸತಲ್ಲ

ಕೆಲವು ಹಿರಿಯರು ಮದ್ರಸಕ್ಕೆ ಯಂತ್ರ ಯಾಕೆ ಎಂದು ಕೇಳುತ್ತಾರೆ. ಅವರಿಗೆ ನಾವು ಕ್ಯಾಸೆಟ್ಟಿನ ಕಾಲ ನೆನಪು ಮಾಡುತ್ತೇವೆ. ಈಜಿಪ್ಟಿನ ಖಾರಿ ಶೈಖ್ ಮಹ್ಮೂದ್ ಖಲೀಲ್ ಅಲ್‌ಹುಸರಿ ಅವರ ಪೂರ್ತಿ ಖುರ್‌ಆನ್ ಪಾರಾಯಣದ ಧ್ವನಿಮುದ್ರಣ 1961ರಲ್ಲಿ ಹೊರಗೆ ಬಂತು. ಪೂರ್ತಿ ಖುರ್‌ಆನನ್ನು ಹಾಗೆ ಮುದ್ರಿಸಿದ್ದು ಅದೇ ಮೊದಲು. ಮತ್ತೆ ಶೈಖ್ ಮಿನ್‌ಶಾವಿಯವರ ಒಂದು ಮುದ್ರಣ ಇದೆ. ಅದರಲ್ಲಿ ಅವರು ಒಂದು ತುಂಡು ಓದಿ ನಿಲ್ಲಿಸುತ್ತಾರೆ, ಮಕ್ಕಳು ಅದನ್ನೇ ತಿರುಗಿ ಓದುತ್ತಾರೆ. ಇಂದಿಗೂ ಮಕ್ಕಳಿಗೆ ಕಲಿಸಲು ಅದನ್ನು ಬಳಸುವವರು ಬಹಳ ಮಂದಿ.

ಗಲ್ಫಿನಿಂದ ಟೇಪ್‌ರೆಕಾರ್ಡರ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಕಾಗದದ ಬದಲು ಕ್ಯಾಸೆಟ್ ಹೋಗುತ್ತಿದ್ದ ಕಾಲವೂ ಇತ್ತು. ಓದು ಬರಹ ಬಾರದ ಉಮ್ಮಂದಿರು ಒಲೆಯ ಹತ್ತಿರ ಕೂತು ಮಾತಾಡಿ ರೆಕಾರ್ಡ್ ಮಾಡಿ, ದುಬೈಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಅಕ್ಷರ ಇಲ್ಲದ ಭಾಷೆಗೆ ಆ ಯಂತ್ರ ಆಸರೆಯಾಗಿತ್ತು. ಈಗ ಮೊಬೈಲಿನಿಂದ ನಾವು ಮಾಡಿಸುತ್ತಿರುವುದೂ ಅಷ್ಟೆ.

ಸರಕಾರಿ ಶಾಲೆಯಲ್ಲಿ ಕಲಿತವರಿಗೆ ಆಕಾಶವಾಣಿಯ 'ಚುಕ್ಕಿ ಚಿನ್ನ', 'ಕೇಳಿ ಕಲಿ' ಪಾಠಗಳು ನೆನಪಿರಬಹುದು. ರೇಡಿಯೊದಲ್ಲಿ ಪ್ರಶ್ನೆ ಬರುತ್ತಿತ್ತು, ಸ್ವಲ್ಪ ಹೊತ್ತು ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಮಕ್ಕಳು ಉತ್ತರ ಹೇಳಬೇಕು, ಚಪ್ಪಾಳೆ ತಟ್ಟಬೇಕು. 1970ರ ದಶಕದಲ್ಲಿ ನಿಕರಾಗುವ ದೇಶದಲ್ಲಿ ರೇಡಿಯೊದಿಂದ ಲೆಕ್ಕ ಕಲಿಸಲು ಶುರು ಮಾಡಿದ ಕ್ರಮ ಇದು. ಅದರ ಗುಟ್ಟು ಇರುವುದು ಆ ಬಿಡುವಿನಲ್ಲಿ. ಯಂತ್ರ ಸುಮ್ಮನಾದಾಗ ಮಗು ಮಾತಾಡುತ್ತದೆ. ಈಗಿನ ವೀಡಿಯೊ ಸುಮ್ಮನಾಗುವುದೇ ಇಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ಆದ್ದರಿಂದ ನಿಲ್ಲಿಸುವ ಗುಂಡಿ ದೊಡ್ಡವರ ಬೆರಳಿನಲ್ಲಿ ಇರಬೇಕು.

ನಮ್ಮಿಂದ ಆದ ಒಂದು ತಪ್ಪು

ಎಲ್ಲ ಚೆನ್ನಾಗಿ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಮ್ಮೆ ಒಬ್ಬ ಹುಡುಗನ ಓದನ್ನು ಅವನ ಮನೆಯವರ ವಾಟ್ಸ್‌ಆ್ಯಪ್‌ಗೆ ಕಳುಹಿಸಿದೆವು, ಮನೆಯಲ್ಲಿ ತಿದ್ದಲಿ ಎಂದು. ಅವನು ಒಂದು ಪದವನ್ನು ತಮಾಷೆಯಾಗಿ ತಪ್ಪು ಹೇಳಿದ್ದ. ಮನೆಯಲ್ಲಿ ಯಾರೋ ಅದನ್ನು ಕುಟುಂಬದ ಗುಂಪಿಗೆ ಹಾಕಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಪ್ರೀತಿಯಿಂದಲೇ ನಕ್ಕದ್ದು. ಆದರೆ ಅದು ಊರಿಂದ ದಮ್ಮಾಮಿಗೆ, ಅಲ್ಲಿಂದ ವಾಪಸ್ ಊರಿಗೆ ಬಂತು. ಮದುವೆ ಮನೆಯಲ್ಲಿ ದೊಡ್ಡ ಹುಡುಗರು ಅದೇ ಪದ ಹೇಳಿ ಅವನನ್ನು ಕರೆದರು. ಮತ್ತೆ ಎರಡು ತಿಂಗಳು ಅವನು ವರಾಂಡದ ಸ್ಟೂಲಿಗೆ ಹೋಗಲಿಲ್ಲ. ಪಾಠ ಕೇಳಿದರೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ.

ಆ ಮನೆಗೆ ಹೋಗಿ ಮಾಫ್ ಕೇಳಿದೆವು. ಹುಡುಗನ ಹತ್ತಿರವೂ ಕೇಳಿದೆವು. ಅಂದಿನಿಂದ ನಿಯಮ ಮಾಡಿದೆವು. ಮಗುವಿನ ಸ್ವರ ಮದ್ರಸದ ಮೊಬೈಲಿನಿಂದ ಹೊರಗೆ ಹೋಗುವುದಿಲ್ಲ. ವಾರದ ಕೊನೆಗೆ ಎಲ್ಲ ಅಳಿಸುತ್ತೇವೆ. ಫೋಟೊ ಸ್ಟೇಟಸ್‌ಗೆ ಹಾಕುವುದಿಲ್ಲ. ರೆಕಾರ್ಡ್ ಮಾಡುವುದಕ್ಕೆ ಮನೆಯವರ ಒಪ್ಪಿಗೆಯನ್ನು ಬರೆದು ತೆಗೆದುಕೊಳ್ಳುತ್ತೇವೆ. 2023ರಲ್ಲಿ ದೇಶದಲ್ಲಿ ಆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯೂ 18 ವರ್ಷದ ಒಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಕಾನೂನು ಇರಲಿ ಇಲ್ಲದಿರಲಿ, ತಪ್ಪು ಮಾಡಿ ಕಲಿಯುವ ಹಕ್ಕು ಮಗುವಿಗೆ ಇದೆ. ಆ ತಪ್ಪು ಲೋಕ ಸುತ್ತಬಾರದು.

ಕ್ಯಾಮೆರಾ ಎಲ್ಲಿ ಬೇಕು?

ಸ್ವರ ಮಾತ್ರವಲ್ಲ, ಚಿತ್ರದಿಂದಲೂ ಕೆಲಸ ಆಗುತ್ತದೆ. ಆದರೆ ಚಿತ್ರ ತೆಗೆಯುವವರು ಮಕ್ಕಳೇ ಆದರೆ ಹೆಚ್ಚು ಉಪಯೋಗ. ವುಝೂ ಮಾಡುವ ಕ್ರಮವನ್ನು ಬಾಯಿಪಾಠ ಹೇಳುವ ಮಗು ಹೌಳಿನ ಹತ್ತಿರ ಹೋದಾಗ ಕಾಲು ಮೊದಲು ತೊಳೆಯುವುದುಂಟು. ಹಾಗಾಗಿ ಒಬ್ಬ ಹುಡುಗ ಮಾಡುವಾಗ ಇನ್ನೊಬ್ಬ ಪ್ರತಿ ಹಂತದ ಕೈ ಕಾಲಿನ ಫೋಟೊ ತೆಗೆದ. ಅದನ್ನು ಪ್ರಿಂಟ್ ಮಾಡಿಸಿ, ಕತ್ತರಿಸಿ, ಕಲಸಿ ಕೊಟ್ಟೆವು. ಮಕ್ಕಳು ನೆಲದಲ್ಲಿ ಕೂತು ಕ್ರಮಕ್ಕೆ ಜೋಡಿಸಿದರು. ಅರ್ಧ ಗಂಟೆ ಗಲಾಟೆ. "ಅದು ಮೊದಲು, ಇದು ಮತ್ತೆ" ಎಂದು ಜಗಳ. ಆ ಜಗಳವೇ ಪಾಠ.

ಶಾಲೆಯಲ್ಲಿ ಪರಿಸರ ಪಾಠ ಮಾಡುವವರು ಹೆಸರು ಕಾಳಿನ ಮೊಳಕೆ ಮಾಡಿ ನೋಡಬಹುದು. ಒದ್ದೆ ಬಟ್ಟೆಯಲ್ಲಿ ಕಾಳು ಇಟ್ಟು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದೇ ಜಾಗದಿಂದ ಒಂದೊಂದು ಫೋಟೊ. ಮೂರು ದಿನದ ಫೋಟೊಗಳನ್ನು ಬೇಗ ಬೇಗ ಸರಿಸಿದರೆ ಕಾಳು ಕಣ್ಣೆದುರೇ ಬಾಲ ಬಿಡುತ್ತದೆ. ಬರೀ ಕಣ್ಣಿಗೆ ಕಾಣದ್ದನ್ನು ಯಂತ್ರ ತೋರಿಸಿದರೆ ಅದಕ್ಕೆ ಬೆಲೆ ಇದೆ. ಕಣ್ಣೆದುರು ಇರುವ ಬಾಳೆಗಿಡವನ್ನು ಸ್ಕ್ರೀನಿನಲ್ಲಿ ತೋರಿಸುವುದು ಯಾಕೆ? ಕಿಟಕಿ ತೆರೆದರೆ ಸಾಕು. ಸರಕಾರಿ ಪಠ್ಯಪುಸ್ತಕದಲ್ಲಿ ದೀಕ್ಷಾದ ಕ್ಯೂಆರ್ ಕೋಡ್ ಇರುವ ಪಾಠಗಳಿವೆ. ಅದನ್ನು ತೆರೆಯುವ ಮೊದಲು ಇದರಿಂದ ಮಗು ಏನು ಮಾಡುತ್ತದೆ ಎಂದು ಕೇಳಿಕೊಳ್ಳಬೇಕು. ಉತ್ತರ 'ನೋಡುತ್ತದೆ' ಎಂದಾದರೆ ಇನ್ನೊಮ್ಮೆ ಯೋಚಿಸಬೇಕು.

ಹಿರಿಯರು ಹೇಳಿದ್ದರಲ್ಲಿ ಸತ್ಯ ಇದೆ

ಕಮಿಟಿಯ ಒಬ್ಬ ಹಿರಿಯರು ನಮ್ಮನ್ನು ಕರೆದು ಕೇಳಿದರು, "ಮನೆಯಲ್ಲಿ ಮೊಬೈಲು ಬಿಡಿಸ್ಲಿಕ್ಕೆ ನಾವು ಕಷ್ಟ ಪಡ್ತೇವೆ. ನೀವು ಮದ್ರಸದಲ್ಲಿಯೇ ಕೊಟ್ರೆ ಹೇಗೆ ಉಸ್ತಾದರೇ?" ಅವರ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಕೂಡ ಹೀಗೆಯೇ. ಎರಡರಿಂದ ನಾಲ್ಕು ವರ್ಷದವರು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನಿನ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟು ಒಳ್ಳೆಯದು. ಯುನೆಸ್ಕೊ 2023ರ ತನ್ನ ಶಿಕ್ಷಣ ವರದಿಯನ್ನು ಪೂರ್ತಿಯಾಗಿ ತಂತ್ರಜ್ಞಾನದ ಬಗ್ಗೆಯೇ ಬರೆಯಿತು. ಯಂತ್ರ ಶಿಕ್ಷಕರಿಗೆ ಜೊತೆಯಾಗಬೇಕು, ಅವರ ಜಾಗದಲ್ಲಿ ಕೂರಬಾರದು ಎಂಬುದು ಅದರ ಮಾತು.

ನಾವು ಹಿರಿಯರಿಗೆ ಹೇಳಿದ್ದು ಇಷ್ಟು. ಒಂದೊಂದು ಮಗುವಿಗೆ ಒಂದೊಂದು ಮೊಬೈಲು ಬೇಡ. ಇಡೀ ತರಗತಿಗೆ ಎರಡು ಸಾಕು. ಅದು ಉಸ್ತಾದರ ಮೇಜಿನ ಸೊತ್ತು, ಮಕ್ಕಳದ್ದಲ್ಲ. ಇಂಟರ್ನೆಟ್ ಬೇಡ. ಒಂದು ಮಗುವಿನ ಕೈಯಲ್ಲಿ ದಿನಕ್ಕೆ ಎರಡು ನಿಮಿಷ ಇರುತ್ತದೆ, ಅಷ್ಟೆ. ಸಾವಿರಾರು ರೂಪಾಯಿಯ ಸ್ಕ್ರೀನು ತರಲು ಜಮಾಅತಿನಲ್ಲಿ ಹಣ ಎತ್ತುವುದಾದರೆ ಮೊದಲು ಇನ್ನೊಬ್ಬರು ಉಸ್ತಾದರನ್ನು ತನ್ನಿ, ತರಗತಿಯನ್ನು ಎರಡು ಮಾಡಿ. ಅದೇ ದೊಡ್ಡ ಉಪಕಾರ. ಇನ್ನು ನಮ್ಮ ಊರಿನ ಮಳೆಗಾಲ ಎಲ್ಲರಿಗೂ ಗೊತ್ತು. ಜುಲೈಯಲ್ಲಿ ಕರೆಂಟು ಹೋದರೆ ಪ್ರೊಜೆಕ್ಟರ್ ಬರೀ ಪೆಟ್ಟಿಗೆ. ಚಾರ್ಜ್ ಇರುವ ಹಳೆಯ ಮೊಬೈಲು ಮಳೆಯ ಸದ್ದಿನ ನಡುವೆಯೂ ಎರಡು ಸಾಲು ಹಿಡಿಯುತ್ತದೆ.

ಇದರಿಂದ ಎಲ್ಲರೂ ಓದಲು ಕಲಿತರು ಎಂದು ಹೇಳುವುದಿಲ್ಲ. ಮೂರು ನಾಲ್ಕು ಮಕ್ಕಳಿಗೆ ಇನ್ನೂ ಪಕ್ಕದಲ್ಲಿ ಕೂತು ಬೆರಳು ಹಿಡಿದು ಓದಿಸಬೇಕು. ಅದಕ್ಕೆ ಬದಲಿ ಯಾವ ಯಂತ್ರವೂ ಇಲ್ಲ. ಆದರೆ ಆ ಮೂರು ನಾಲ್ಕು ಮಕ್ಕಳು ಯಾರು ಎಂದು ಈಗ ನಮಗೆ ಗೊತ್ತು.

ಮನೆಯಲ್ಲಿ ಮೂರು ನಿಮಿಷ

ಉಮ್ಮಂದಿರು ಕೇಳುತ್ತಾರೆ, ಮನೆಯಲ್ಲಿ ನಾವು ಎಂತ ಮಾಡಬಹುದು ಎಂದು. ನಮಗೆ ಅಕ್ಷರ ಬರುವುದಿಲ್ಲ, ತಿದ್ದುವುದು ಹೇಗೆ ಎಂದೂ ಹೇಳುತ್ತಾರೆ. ತಿದ್ದುವುದು ಬೇಡ. ರಾತ್ರಿ ಊಟಕ್ಕೆ ಮೊದಲು ಮೂರು ನಿಮಿಷ ಕೊಡಿ. ಇಂದು ಕಲಿತ ಎರಡು ಸಾಲು ಓದಲು ಹೇಳಿ, ರೆಕಾರ್ಡ್ ಮಾಡಿ, ಇಬ್ಬರೂ ಕೂತು ಕೇಳಿ. "ಹೇಗಾಯಿತು?" ಎಂದು ಮಗುವನ್ನೇ ಕೇಳಿ. ಸರಿ ಇಲ್ಲ ಎಂದರೆ ಇನ್ನೊಮ್ಮೆ. ಮತ್ತೆ ಅಳಿಸಿ ಮೊಬೈಲು ಮೇಲೆ ಇಡಿ. ಯಾರಿಗೂ ಕಳುಹಿಸಬೇಡಿ, ಗಲ್ಫಿನಲ್ಲಿರುವ ಉಪ್ಪನಿಗಾದರೂ ಮಗುವನ್ನು ಕೇಳಿಯೇ ಕಳುಹಿಸಿ.

ಉಮ್ಮಾಮ ಇರುವ ಮನೆಗಳು ಇನ್ನೊಂದು ಮಾಡಬಹುದು. ಉಮ್ಮಾಮ ಹೇಳುವ ಒಂದು ಕಥೆಯನ್ನು ಬ್ಯಾರಿಯಲ್ಲಿಯೇ ರೆಕಾರ್ಡ್ ಮಾಡಿ. ಮರುದಿನ ಅದೇ ಕಥೆಯನ್ನು ಮಗು ಹೇಳಲಿ, ಉಮ್ಮಾಮ ಕೇಳಲಿ. ಪುಸ್ತಕದಲ್ಲಿ ಇಲ್ಲದ ನಮ್ಮ ಮಾತು ಹೀಗಾದರೂ ಪಾಠವಾಗಲಿ. ಮನೆಮಾತಿನಲ್ಲಿ ತಡೆಯಿಲ್ಲದೆ ಕಥೆ ಹೇಳಲು ಬರುವ ಮಗುವಿಗೆ ಕನ್ನಡದ್ದೂ ಅರಬಿಯದ್ದೂ ಬಾಗಿಲು ಬೇಗ ತೆರೆಯುತ್ತದೆ ಎಂಬುದು ನಾವು ತರಗತಿಯಲ್ಲಿ ಕಂಡ ಅನುಭವ.

ಮೊದಲು ಹೇಳಿದ ಆ ಹುಡುಗನ ಮಾತು ಬಾಕಿ ಇದೆ. ಮೂರನೇ ತರಗತಿಯಲ್ಲಿ ಅವನನ್ನು ಒಂದನೇ ತರಗತಿಯ ಕಿತಾಬಿನಿಂದ ಶುರು ಮಾಡಿಸಬೇಕಾಯಿತು. ಅವನಿಗೆ ನಾಚಿಕೆಯಾಗುತ್ತದೆ ಎಂದು ವರಾಂಡದಲ್ಲಿ ಕೂರಿಸಿ, ಮೊಬೈಲು ಕೊಟ್ಟು, ಸಂಜೆ ಕೇಳಿದೆವು. ಮೊದಲ ದಿನದ ರೆಕಾರ್ಡಿನಲ್ಲಿ ಬರೀ ಉಸಿರು ಮತ್ತು ಹೊರಗಿನ ಕಾಗೆಯ ಸದ್ದು. ಒಂದು ವರ್ಷ ಹಿಡಿಯಿತು. ಈಗ ಓದುತ್ತಾನೆ. ವೇಗ ಇಲ್ಲ, ಆದರೆ ಓದುತ್ತಾನೆ. ಅವನ ಉಮ್ಮನಿಗೆ ಅಂದು ಕೊಡದ ಉತ್ತರವನ್ನು ಮತ್ತೆ ಹೋಗಿ ಕೊಟ್ಟೆವು: "ತಪ್ಪು ಅವನದ್ದಲ್ಲ. ಅವ ಎಲ್ಲ ಕ್ಲಾಸ್ ನೋಡಿದ್ದು ಹೌದು. ಅವನ ಓದನ್ನು ನಾವು ಒಬ್ಬರೂ ಕೇಳಿರಲಿಲ್ಲ."